ಪೂನಾ ಅಂಜೀರವೋ, ಡಯಾನಾವೋ?

ಇಂಡಿ ಅಂದ್ರೆ ನಿಂಬೆ, ಅಲ್ವಾ? ನಮ್ಮ ಹೊಲದಲ್ಲೂ ಅದೇ. ಆದರೂ ಆರು ವರ್ಷದ ಹಿಂದೆ ಆಸೆಗೆ ಬಿದ್ದು, ನೀರು ಬಸಿದುಹೋಗುವ ಮಡ್ಡಿ ಕಡೆ ಎರಡು ಸಾಲು ಅಂಜೀರ ಹಚ್ಚಿದೆ. ಒಂದು ಸಾಲು ಪೂನಾ, ಇನ್ನೊಂದು ಡಯಾನಾ. ಗೊಬ್ಬರ, ಡ್ರಿಪ್ ಎರಡಕ್ಕೂ ಒಂದೇ. ಮಡ್ಡಿನೇ ಯಾಕೆ ಅಂದ್ರೆ, ಕಪ್ಪು ಮಣ್ಣಿನ ಎರೆ ಹೊಲದಲ್ಲಿ ನೀರು ನಿಲ್ಲುತ್ತದೆ, ಅಂಜೀರಕ್ಕೆ ಅದು ಆಗಿಬರುವುದಿಲ್ಲ.

ರುಚಿಯಲ್ಲಿ ಪೂನಾನೇ ಮೇಲು. ತೆಳು ನೇರಳೆ ಸಿಪ್ಪೆ, ಒಳಗೆ ಕೆಂಪು ತಿರುಳು. ಆದರೆ ಆ ತೆಳು ಸಿಪ್ಪೆಯೇ ತಲೆನೋವು. ಒಂದು ಬೇಸಿಗೆಯಲ್ಲಿ ಮೋಟರ್ ಸುಟ್ಟು ನಾಲ್ಕು ದಿನ ನೀರು ತಪ್ಪಿತು. ರಿಪೇರಿ ಆದ ದಿನ ಪಾಪ ಅಂತ ಜಾಸ್ತಿನೇ ಬಿಟ್ಟೆ. ಎರಡು ದಿನಕ್ಕೆ ಪೂನಾ ಹಣ್ಣೆಲ್ಲ ಬಾಯಿ ಬಿಟ್ಟು, ಸೀಳಿನೊಳಗೆ ಇರುವೆ ಮುತ್ತಿದ್ದವು. ಪಕ್ಕದ ಸಾಲಿನ ಡಯಾನಾದಲ್ಲಿ ಬಿರಿದದ್ದು ನಾಲ್ಕೈದು ಅಷ್ಟೇ.

ಡಯಾನಾ ಹಣ್ಣು ದಪ್ಪ, ಹಣ್ಣಾದರೂ ಹಳದಿ ಹಸಿರು. ಹಕ್ಕಿ ಬೇಗ ಗುರುತು ಹಿಡಿಯುವುದಿಲ್ಲ. ಮೊದಲ ವರ್ಷ ನಾನೂ ಹಿಡಿಯಲಿಲ್ಲ, ಕಾಯಿ ಅಂತ ಬಿಟ್ಟು ಎಷ್ಟೋ ಹುಳಿ ಹಿಡಿದವು. ಈಗ ಬಣ್ಣ ನೋಡುವುದೇ ಇಲ್ಲ. ಕತ್ತು ಬಾಗಿ ಹಣ್ಣು ಜೋತುಬಿದ್ದು, ಒತ್ತಿದರೆ ಮೆತ್ತಗಿರಬೇಕು. ತೊಟ್ಟಿನಲ್ಲಿ ಹಾಲು ಒಸರಿದರೆ ಅವಸರ ಮಾಡಿದೆ ಅಂತಲೇ ಅರ್ಥ. ಕಿತ್ತ ಮೇಲೆ ಅಂಜೀರ ಸಿಹಿಯಾಗುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಮಾಳಿಗೆ ಮೇಲೆ ಎರಡನ್ನೂ ಒಣಗಿಸಿದೆ. ಡಯಾನಾ ತಿರುಳು ಉಳಿಸಿಕೊಂಡಿತು, ಪೂನಾ ಸುಮ್ನೆ ಚಕ್ಕಳವಾಯಿತು.

ಮೂರನೆಯದೊಂದು ಇತ್ತು. ನರ್ಸರಿಯವರು 'ಟರ್ಕಿ' ಅಂತ ಕೊಟ್ಟದ್ದು. ಪ್ರತಿ ಸಲ ಗೋಲಿ ಗಾತ್ರಕ್ಕೆ ಬಂದು ಉದುರುತ್ತಿತ್ತು. ಟರ್ಕಿ ಕಡೆಯದೇ ಸ್ಮಿರ್ನಾ ಅಂತ ಒಂದು ಅಂಜೀರ ಜಾತಿ ಇದೆ, ಅದಕ್ಕೆ ಕಾಯಿ ನಿಲ್ಲಲು ಒಂದು ಸಣ್ಣ ಕಣಜ ಒಳಗೆ ಹೊಕ್ಕು ಪರಾಗ ಮುಟ್ಟಿಸಬೇಕು. ನನ್ನದು ಅದೇ ಇರಬೇಕು. ಕಿತ್ತು ಹಾಕಿದೆ.

ಇದೇ ಗಿಡಗಳ ಕಡ್ಡಿ ನೆಟ್ಟು ಬೆಳಗಾವಿಯ ಅಕ್ಕನಿಗೂ ಕೊಟ್ಟಿದ್ದೆ. ಜುಲೈ ಮಳೆಯಲ್ಲಿ ಫೋನ್ ಬಂತು: "ತಮ್ಮಾ, ಎಲಿಗೆಲ್ಲ ತುಕ್ಕು ಹತ್ತೇತಿ ನೋಡು." ಹೋಗಿ ಎಲೆಯ ಹಿಂಬದಿ ಬೆರಳಾಡಿಸಿದರೆ ಕಂದು ಪುಡಿ, ಮಳೆಯ ತೇವಕ್ಕೆ ಬರುವ ತುಕ್ಕು ರೋಗ. ಅಲ್ಲಿ ಪೂನಾ, ಡಯಾನಾ ಎರಡೂ ಸೋತಿದ್ದವು. ಅಲ್ಲಿ ತಳಿಗಿಂತ ಹಂಗಾಮೇ ಮುಖ್ಯ. ಈಗ ಅಕ್ಕ ಮಳೆಗಾಲದ ಬೆಳೆ ಬಿಟ್ಟು, ಅಕ್ಟೋಬರ್‌ನಲ್ಲಿ ಸವರಿ ಬೇಸಿಗೆ ಹಣ್ಣು ಮಾತ್ರ ತೆಗೆಯುತ್ತಾಳೆ.

ನಮ್ಮ ಒಣ ಸೀಮೆಗೆ, ಮಾರುವುದಾದರೆ ನನ್ನ ಓಟು ಡಯಾನಾಕ್ಕೆ. ಈ ವರ್ಷ ಪೂನಾ ಸಾಲು ತೆಗೆಸಿದೆ, ಬಾವಿ ಹತ್ತಿರದ ಒಂದು ಗಿಡ ಬಿಟ್ಟು. ಅದರ ಹಣ್ಣು ಸಂತೆಗೆ ಹೋಗುವುದಿಲ್ಲ.