ಒಂದೇ ಚಳಿಗಾಲ, ಮೂರು ಸೀಮೆಯ ಸಿಹಿ: ಬಟರ್ ಟಾರ್ಟ್, ಪುಡ್ಡಿಂಗ್ ಶೋಮರ್, ನನೈಮೊ ಬಾರ್

ಕೆನಡಾದ ಒಂಟಾರಿಯೊ ಪ್ರಾಂತ್ಯದ ಕಿಚನರ್‌ನಲ್ಲಿ ನಾವು ನೆಲೆಸಿ ಹನ್ನೊಂದು ವರ್ಷವಾಯಿತು. ಇಲ್ಲಿಯೇ ಹುಟ್ಟಿದ ಮಗಳಿಗೆ ಯುಗಾದಿಯ ಹೋಳಿಗೆ ಹೇಗೆ ಮನೆಯ ರುಚಿಯೋ, ಪಕ್ಕದ ಮನೆಯ ಅಜ್ಜಿ ಪ್ರತಿ ಡಿಸೆಂಬರ್‌ನಲ್ಲಿ ತಟ್ಟೆ ತುಂಬ ಕಳಿಸುತ್ತಿದ್ದ ಬಟರ್ ಟಾರ್ಟ್ ಕೂಡ ಹಾಗೆಯೇ ಮನೆಯ ರುಚಿ. ಕಳೆದ ವರ್ಷ ಆ ಅಜ್ಜಿಯ ಮಣಿಕಟ್ಟು ನೋಯತೊಡಗಿ ಲಟ್ಟಣಿಗೆ ಹಿಡಿಯಲು ಆಗದೆ ಹೋದಾಗ, ಎರಡೂ ಮನೆಗೆ ನಾನೇ ಮಾಡುತ್ತೇನೆಂದು ಮಾತು ಕೊಟ್ಟೆ. ಮಾಡಲು ತೊಡಗಿದ ಮೇಲೆ ತಿಳಿಯಿತು, ಈ ಒಂದು ತಿಂಡಿಯನ್ನು ಮನೆಗೊಂದು ರೀತಿಯಲ್ಲಿ ಮಾಡುತ್ತಾರೆ, ಪ್ರತಿಯೊಬ್ಬರೂ ತಮ್ಮದೇ ಸರಿ ಎಂದು ಪಟ್ಟು ಹಿಡಿಯುತ್ತಾರೆ ಎಂದು. ಆ ಚಳಿಗಾಲವಿಡೀ ಒಂಟಾರಿಯೊದ ಬಟರ್ ಟಾರ್ಟ್, ಕ್ವಿಬೆಕ್‌ನ ಪುಡ್ಡಿಂಗ್ ಶೋಮರ್, ಬ್ರಿಟಿಷ್ ಕೊಲಂಬಿಯಾದ ನನೈಮೊ ಬಾರ್ ಇವುಗಳನ್ನು ಬೇರೆ ಬೇರೆ ರೀತಿಯಲ್ಲಿ ಮಾಡಿ, ಅಕ್ಕಪಕ್ಕ ಇಟ್ಟು ತಿಂದು ನೋಡಿದೆ. ಮೊದಲ ಎರಡರಲ್ಲಿ ಎಲ್ಲವೂ ನಿಂತಿರುವುದು ಪಾಕದ ಆಯ್ಕೆಯ ಮೇಲೆ ಎಂಬುದು ನನಗೆ ಮನದಟ್ಟಾಗಿದೆ.

ಬಟರ್ ಟಾರ್ಟ್ ಎಂದರೆ ಅಂಗೈಯಲ್ಲಿ ಕೂರುವಷ್ಟು ಚಿಕ್ಕದಾದ ಮೈದಾ ಹಿಟ್ಟಿನ ಬಟ್ಟಲು. ಅದರೊಳಗೆ ಬೆಣ್ಣೆ, ಸಕ್ಕರೆ, ಮೊಟ್ಟೆ ಸೇರಿದ ಹೂರಣ. ಈ ಹೂರಣದ ಅತಿ ಹಳೆಯ ಮುದ್ರಿತ ದಾಖಲೆಗಳಲ್ಲಿ ಒಂದು, 1900ರಲ್ಲಿ ಒಂಟಾರಿಯೊದ ಬ್ಯಾರಿ ಪಟ್ಟಣದ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯ ಮಹಿಳಾ ಸಹಾಯಕ ಸಂಘ ಹೊರತಂದ ಅಡುಗೆ ಪುಸ್ತಕದಲ್ಲಿದೆ. ಮೇರಿ ಮೆಕ್ಲಿಯಡ್ ಎಂಬ ಗೃಹಿಣಿ ಕೊಟ್ಟ ಆ ವಿಧಾನದಲ್ಲಿ ಸಕ್ಕರೆ, ಬೆಣ್ಣೆ, ಮೊಟ್ಟೆ ಮತ್ತು ಸಣ್ಣ ಒಣದ್ರಾಕ್ಷಿ ಬಿಟ್ಟರೆ ಬೇರೇನೂ ಇಲ್ಲ. ಮೆಕ್ಕೆಜೋಳದಿಂದ ತಯಾರಿಸುವ ಕಾರ್ನ್ ಸಿರಪ್ ಮನೆಮನೆಯ ವಿಧಾನಗಳಲ್ಲಿ ಸೇರಿಕೊಂಡದ್ದು ಆಮೇಲೆ. ಒಳಗಿನ ಹೂರಣ ಹರಿಯಬೇಕೋ ಗಟ್ಟಿಯಾಗಿ ನಿಲ್ಲಬೇಕೋ, ಒಣದ್ರಾಕ್ಷಿ ಇರಬೇಕೋ ಬೇಡವೋ ಎಂಬ ಎರಡು ಪ್ರಶ್ನೆಗಳು ಇಂದಿಗೂ ಒಂಟಾರಿಯೊದವರನ್ನು ಎರಡು ಪಕ್ಷ ಮಾಡುತ್ತವೆ.

ಮೊದಲು ಹಳೆಯ ಪದ್ಧತಿಯಂತೆ ಸಿರಪ್ ಇಲ್ಲದೆ, ಕಂದು ಸಕ್ಕರೆಯೊಂದರಲ್ಲೇ ಮಾಡಿದೆ. ಓವನ್‌ನಿಂದ ತೆಗೆದಾಗ ಮೇಲ್ಮೈ ತೆಳುವಾಗಿ ಹೊರೆಗಟ್ಟಿ, ಕಚ್ಚಿದರೆ ಗರಿಗರಿ ಸದ್ದು ಮಾಡುವಂತಿತ್ತು. ಒಳಗೆ ಹೂರಣ ಕದಲದೆ ನಿಂತಿತ್ತು. ಮರುದಿನ ಮಾತ್ರ ನಾಲಿಗೆಗೆ ಸಕ್ಕರೆಯ ಹರಳು ತಾಗಿತು. ಎರಡನೆಯ ಸಲ 110 ಗ್ರಾಂ ಕಂದು ಸಕ್ಕರೆ, 120 ಮಿಲಿಲೀಟರ್ ಕಾರ್ನ್ ಸಿರಪ್, 30 ಗ್ರಾಂ ಬೆಣ್ಣೆ, ಒಂದು ಮೊಟ್ಟೆ, ಒಂದು ಚಿಟಿಕೆ ಉಪ್ಪು, ಒಂದು ಚಮಚ ವಿನಿಗರ್, ಸ್ವಲ್ಪ ವೆನಿಲ್ಲಾ ಬೆರೆಸಿದೆ. ಇಷ್ಟು ಹನ್ನೆರಡು ಟಾರ್ಟ್‌ಗೆ ಸಾಕು. ಕಾರ್ನ್ ಸಿರಪ್‌ನಲ್ಲಿರುವ ಗ್ಲೂಕೋಸ್ ಸಕ್ಕರೆಯನ್ನು ಮತ್ತೆ ಹರಳುಗಟ್ಟಲು ಬಿಡುವುದಿಲ್ಲ. ನಮ್ಮಲ್ಲಿ ಜಾಮೂನಿನ ಪಾಕಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡುವುದು ಯಾವ ಉದ್ದೇಶಕ್ಕೋ ಇಲ್ಲಿ ಸಿರಪ್ ಮತ್ತು ವಿನಿಗರ್ ಹಾಕುವುದೂ ಅದೇ ಉದ್ದೇಶಕ್ಕೆ. ಮೂರನೆಯ ದಿನಕ್ಕೂ ಈ ಹೂರಣ ನುಣುಪಾಗಿಯೇ ಇತ್ತು. ಕಚ್ಚಿದಾಗ ನಿಧಾನವಾಗಿ ಜಾರುವ ಒಂದೆಳೆ ಪಾಕದ ಹದ ಅದಕ್ಕಿತ್ತು.

ಮೂರನೆಯ ಸಲ ಕಾರ್ನ್ ಸಿರಪ್‌ನ ಬದಲು ಮೇಪಲ್ ಮರದ ರಸವನ್ನು ಕುದಿಸಿ ಮಾಡುವ ಮೇಪಲ್ ಸಿರಪ್ಪನ್ನು ಅಷ್ಟೇ ಅಳತೆಯಲ್ಲಿ ಹಾಕಿದೆ. ಇದರ ಮೇಲೆ ನನಗೆ ಬಹಳ ಭರವಸೆಯಿತ್ತು, ಆದರೆ ಫಲ ಹಾಗಾಗಲಿಲ್ಲ. ಮೇಪಲ್ ಸಿರಪ್‌ನ ಸುಮಾರು ಮೂರನೆಯ ಒಂದು ಭಾಗ ನೀರೇ ಆಗಿರುವುದರಿಂದ ಹೂರಣ ಕುದಿದು ಬಟ್ಟಲಿನ ಅಂಚು ದಾಟಿತು, ತಳದ ಹಿಟ್ಟು ನೆನೆದು ಮೆತ್ತಗಾಯಿತು. ಸಿರಪ್ಪನ್ನು ಮೊದಲೇ ಕಾಲು ಭಾಗ ಕುದಿಸಿ ಇಳಿಸಿಕೊಂಡು ಮಾಡಿದಾಗ ಹದ ಸರಿಹೋಯಿತು, ಆದರೆ ಬೆಣ್ಣೆಯ ಘಮ ಹಿಂದೆ ಸರಿದು ಮೇಪಲ್ ಒಂದೇ ಮುಂದೆ ನಿಂತಿತು. ಹೆಸರಿನಲ್ಲೇ ಬೆಣ್ಣೆಯನ್ನು ಇಟ್ಟುಕೊಂಡ ತಿಂಡಿಗೆ ಇದು ತಕ್ಕುದಲ್ಲ ಎಂದು ನನ್ನ ಅಭಿಪ್ರಾಯ. ಪಕ್ಕದ ಮನೆಯ ಅಜ್ಜಿ ಮೂರನ್ನೂ ಅರ್ಧರ್ಧ ತಿಂದು, ಏನೂ ಹೇಳದೆ, ಎರಡನೆಯ ಬಗೆಯ ಉಳಿದರ್ಧವನ್ನು ಎತ್ತಿಕೊಂಡರು.

ಹೊರಗಿನ ಕಣಕದ ವಿಷಯದಲ್ಲಿ ಇಲ್ಲಿಯ ಹಳಬರು ಹಂದಿಯ ಕೊಬ್ಬನ್ನೇ ಉತ್ತಮವೆನ್ನುತ್ತಾರೆ. ಅದನ್ನು ನಾನು ಬಳಸುವುದಿಲ್ಲವಾದ್ದರಿಂದ ನನ್ನ ಹೋಲಿಕೆ ಬೆಣ್ಣೆ ಮತ್ತು ವನಸ್ಪತಿಯಂಥ ಶಾರ್ಟನಿಂಗ್ ಇವೆರಡರ ನಡುವೆ ಮಾತ್ರ. ಬೆಣ್ಣೆಯದು ರುಚಿಯಲ್ಲಿ ಮೇಲು; ಶಾರ್ಟನಿಂಗ್‌ನದು ಲಟ್ಟಿಸಲು ಸುಲಭ, ಪದರವೂ ಚೆನ್ನಾಗಿ ಬಿಡುತ್ತದೆ. ಎರಡನ್ನೂ ಸಮಭಾಗ ಸೇರಿಸಿ, ತಣ್ಣೀರಿನಲ್ಲಿ ಕಲಸಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಲಟ್ಟಿಸುವುದೇ ಈಗ ನನ್ನ ರೂಢಿ. ಹೊಸದಾಗಿ ಮಾಡುವವರು ಒಂದು ಸಂಗತಿಯನ್ನು ಮರೆಯಬಾರದು: ಬೆಂದ ಟಾರ್ಟ್‌ಗಳನ್ನು ಐದು ನಿಮಿಷ ಬಿಟ್ಟು, ಇನ್ನೂ ಬಿಸಿಯಿರುವಾಗಲೇ ತೆಳುವಾದ ಚಾಕುವನ್ನು ಅಂಚಿನಲ್ಲಿ ಆಡಿಸಿ, ಒಂದೊಂದನ್ನೂ ಮೆಲ್ಲಗೆ ತಿರುಗಿಸಿ ಸಡಿಲಿಸಬೇಕು. ಪೂರ್ತಿ ಆರಿದರೆ ಉಕ್ಕಿದ ಪಾಕ ಅರಗಿನಂತೆ ಹಿಡಿದುಕೊಂಡು, ಎತ್ತುವಾಗ ತಳವೇ ಕಿತ್ತುಬರುತ್ತದೆ.

ಪುಡ್ಡಿಂಗ್ ಶೋಮರ್ ಎಂಬ ಫ್ರೆಂಚ್ ಹೆಸರಿಗೆ ‘ನಿರುದ್ಯೋಗಿಯ ಪುಡ್ಡಿಂಗ್’ ಎಂದರ್ಥ. 1929ರ ಆರ್ಥಿಕ ಕುಸಿತದ ಬಳಿಕ ಕ್ವಿಬೆಕ್‌ನ ಕಾರ್ಮಿಕರ ಮನೆಗಳಲ್ಲಿ, ಕೆಲಸ ಕಳೆದುಕೊಂಡ ಕುಟುಂಬಗಳ ಹೆಂಗಸರು ಮೈದಾ, ಸಕ್ಕರೆ, ನೀರು, ಒಂದಿಷ್ಟು ಕೊಬ್ಬು ಇವಿಷ್ಟರಲ್ಲೇ ಮಕ್ಕಳ ಬಾಯಿ ಸಿಹಿ ಮಾಡಲು ಕಂಡುಕೊಂಡ ದಾರಿ ಇದು. ಈ ಹಿನ್ನೆಲೆ ಗೊತ್ತಾದ ಮೇಲೆ ಇದನ್ನು ಮಾಡುವಾಗಲೆಲ್ಲ ನನಗೆ ಆ ಹೆಂಗಸರ ಮೇಲೆ ಗೌರವ ಹುಟ್ಟುತ್ತದೆ. ವಿಧಾನವೂ ಸರಳವಾಗಿದೆ. ಗಟ್ಟಿಯಾದ ಕೇಕ್ ಹಿಟ್ಟನ್ನು ಪಾತ್ರೆಯಲ್ಲಿ ಹರಡಿ, ಅದರ ಮೇಲೆ ಕುದಿಯುವ ಪಾಕವನ್ನು ಸುರಿದು, ಕಲಕದೆ ಓವನ್‌ಗೆ ಇಡಬೇಕು. ಆ ಕ್ಷಣದಲ್ಲಿ ನೋಡಿದರೆ ಎಲ್ಲ ಕೆಟ್ಟಿತೆಂದೇ ಅನಿಸುತ್ತದೆ, ಏಕೆಂದರೆ ಹಿಟ್ಟು ಕಂದು ನೀರಿನಲ್ಲಿ ಮುಳುಗಿರುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಬೇಕಿಂಗ್ ಪೌಡರ್ ಹಿಟ್ಟಿನೊಳಗೆ ಗಾಳಿಗುಳ್ಳೆ ಎಬ್ಬಿಸಿ, ಹಗುರಾದ ಹಿಟ್ಟು ಮೇಲೇರುತ್ತದೆ. ಭಾರವಾದ ಪಾಕ ಕೆಳಗಿಳಿದು, ಹಿಟ್ಟಿನಿಂದ ಬಿಟ್ಟುಕೊಂಡ ಗಂಜಿಯ ಅಂಶದಿಂದ ಮಂದವಾಗುತ್ತದೆ.

ಇಲ್ಲಿಯ ಸ್ಪರ್ಧೆ ಕಂದು ಸಕ್ಕರೆಯ ಪಾಕಕ್ಕೂ, ಈಗ ಹೋಟೆಲುಗಳಲ್ಲಿ ಹೆಚ್ಚಾಗಿ ಕಾಣುವ ಮೇಪಲ್ ಮತ್ತು ಕ್ರೀಮ್ ಪಾಕಕ್ಕೂ. ಎರಡಕ್ಕೂ ಮೊಟ್ಟೆಯಿಲ್ಲದ ಒಂದೇ ಹಿಟ್ಟನ್ನು ಬಳಸಿದೆ: 190 ಗ್ರಾಂ ಮೈದಾ, 150 ಗ್ರಾಂ ಸಕ್ಕರೆ, 60 ಗ್ರಾಂ ಬೆಣ್ಣೆ, 180 ಮಿಲಿಲೀಟರ್ ಹಾಲು, ಎರಡು ಚಮಚ ಬೇಕಿಂಗ್ ಪೌಡರ್. ಮೊದಲ ಪಾಕಕ್ಕೆ 330 ಗ್ರಾಂ ಕಂದು ಸಕ್ಕರೆ, 375 ಮಿಲಿಲೀಟರ್ ನೀರು, 50 ಗ್ರಾಂ ಬೆಣ್ಣೆ. ಎರಡನೆಯದಕ್ಕೆ 375 ಮಿಲಿಲೀಟರ್ ಮೇಪಲ್ ಸಿರಪ್, ಅಷ್ಟೇ ಪ್ರಮಾಣದ, ಶೇ. 35 ಕೊಬ್ಬಿನ ಕ್ರೀಮ್. ಎರಡನ್ನೂ 180 ಡಿಗ್ರಿಯಲ್ಲಿ 40 ನಿಮಿಷ ಬೇಯಿಸಿದೆ. ಕ್ರೀಮ್ ಪಾಕ ಹಾಲಿನಂತೆ ಉಕ್ಕಿ ಓವನ್‌ನ ತಳಕ್ಕೆ ಹರಿದು, ಅಡುಗೆಮನೆಯೆಲ್ಲ ಹೊಗೆಯಾಗಿ, ಜನವರಿಯ ಕೊರೆವ ಚಳಿಯಲ್ಲೂ ಕಿಟಕಿ ತೆರೆದಿಡಬೇಕಾಯಿತು. ಅಂದಿನಿಂದ ಆಳವಾದ ಪಾತ್ರೆಯನ್ನೇ ಬಳಸುತ್ತೇನೆ, ಅದರ ಕೆಳಗೊಂದು ತಟ್ಟೆಯನ್ನೂ ಇಡುತ್ತೇನೆ.

ರುಚಿಯಲ್ಲಿ ಮೇಪಲ್ ಪಾಕದ್ದು ಬಹಳ ಶ್ರೀಮಂತವಾಗಿತ್ತು, ಅದನ್ನು ಅಲ್ಲಗಳೆಯಲಾರೆ. ಆದರೆ ನಾಲ್ಕು ಚಮಚದ ಮೇಲೆ ತಿನ್ನಲಾಗಲಿಲ್ಲ. ಬೆಲೆಯ ಮಾತೂ ಇದೆ: ಚಳಿ ಮುಗಿಯುವ ಹೊತ್ತಿನಲ್ಲಿ, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಆ ಕೆಲವೇ ವಾರಗಳಲ್ಲಿ ಮರದಿಂದ ಇಳಿಸಿದ ಸುಮಾರು 40 ಲೀಟರ್ ರಸವನ್ನು ಕುದಿಸಿದರೆ ಒಂದು ಲೀಟರ್ ಸಿರಪ್ ಸಿಗುತ್ತದೆ, ಅದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಒಂದೇ ಪುಡ್ಡಿಂಗಿಗೆ ಖರ್ಚಾಗುತ್ತದೆ. ಕ್ವಿಬೆಕ್‌ನ ತ್ರುವಾ ರಿವ್ಯೇರ್ ಊರಿನಿಂದ ಬಂದ ನನ್ನ ಸಹೋದ್ಯೋಗಿಯೊಬ್ಬರಿಗೆ ಎರಡನ್ನೂ ಒಯ್ದು ಕೊಟ್ಟಾಗ ಅವರು ಕಂದು ಸಕ್ಕರೆಯದನ್ನು ಮತ್ತೊಮ್ಮೆ ಕೇಳಿ ಹಾಕಿಸಿಕೊಂಡು, “ನಮ್ಮಜ್ಜಿ ಮೇಪಲ್ ಸಿರಪ್ಪನ್ನು ಪ್ಯಾನ್‌ಕೇಕಿಗೆಂದು ಎತ್ತಿಡುತ್ತಿದ್ದರು, ಪುಡ್ಡಿಂಗಿಗೆ ಸುರಿಯುತ್ತಿರಲಿಲ್ಲ” ಎಂದರು. ನನ್ನ ಮತವೂ ಕಂದು ಸಕ್ಕರೆಗೇ. ಅದರ ನೀರಿನಲ್ಲಿ ಕಾಲು ಭಾಗ ಕಡಿಮೆ ಮಾಡಿ, ಆ ಜಾಗಕ್ಕೆ ಕಡುಬಣ್ಣದ ಮೇಪಲ್ ಸಿರಪ್ ಸೇರಿಸಿದರೆ ಘಮವೂ ಸಿಗುತ್ತದೆ, ಕೈಯೂ ಕಚ್ಚುವುದಿಲ್ಲ.

ಶಿರಸಿಯಿಂದ ಅಮ್ಮ ಕಳಿಸಿದ್ದ ಜೋನಿಬೆಲ್ಲವನ್ನು ನೀರಿನಲ್ಲಿ ಕುದಿಸಿ ಇದೇ ಪುಡ್ಡಿಂಗಿಗೆ ಒಮ್ಮೆ ಸುರಿದೆ. ಪಾಕ ಚೆನ್ನಾಗಿಯೇ ಇಳಿಯಿತು, ಕೇಕ್ ಚೆನ್ನಾಗಿಯೇ ಏರಿತು, ಮನೆಮಂದಿ ತೃಪ್ತಿಯಿಂದ ತಿಂದರು. ಆದರೆ ಬಾಯಲ್ಲಿ ಉಳಿದದ್ದು ಆಲೆಮನೆಯ ವಾಸನೆ. ಕ್ವಿಬೆಕ್‌ನವರ ನೆನಪಿನ ಸಿಹಿಯೆಂದು ಅದನ್ನು ಯಾರ ಮುಂದೆಯೂ ಇಡಲಾರೆ. ಹಾಗಾಗಿ ಅದನ್ನು ಈ ಹೋಲಿಕೆಯಿಂದ ಹೊರಗಿಡುತ್ತೇನೆ.

ನನೈಮೊ ಬಾರ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಇದಕ್ಕೆ ಪಾಕವೂ ಬೇಡ, ಓವನ್ನೂ ಬೇಡ. ಕೆಳಗೆ ಬಿಸ್ಕತ್ತಿನ ಪುಡಿ, ಕೋಕೋ, ಒಣಕೊಬ್ಬರಿಯ ಪದರ, ನಡುವೆ ಹಳದಿ ಕಸ್ಟರ್ಡ್ ಬೆಣ್ಣೆ, ಮೇಲೆ ಚಾಕೊಲೇಟ್. ವ್ಯಾಂಕೂವರ್ ದ್ವೀಪದ ನನೈಮೊ ಊರಿನ ಆಸ್ಪತ್ರೆಯ ಮಹಿಳಾ ಸಂಘದ 1952ರ ಅಡುಗೆ ಪುಸ್ತಕದಲ್ಲಿ ಇದರ ಆರಂಭದ ರೂಪಗಳಿವೆ. ಬಟರ್ ಟಾರ್ಟ್‌ನಂತೆ ಇದನ್ನೂ ಕಾಪಾಡಿದ್ದು ಆಸ್ಪತ್ರೆಗಾಗಿ ಹಣ ಕೂಡಿಸುತ್ತಿದ್ದ ಹೆಂಗಸರು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. 1986ರಲ್ಲಿ ಆ ನಗರ ನಡೆಸಿದ ಸ್ಪರ್ಧೆಯಲ್ಲಿ ಗೆದ್ದ ಜಾಯ್ಸ್ ಹಾರ್ಡ್‌ಕಾಸಲ್ ಅವರ ವಿಧಾನವನ್ನೇ ಅನುಸರಿಸಿದೆ. ನಡುವಿನ ಪದರಕ್ಕೆ ಬರ್ಡ್ಸ್ ಕಸ್ಟರ್ಡ್ ಪುಡಿ, ಭಾರತೀಯ ಅಂಗಡಿಯಲ್ಲಿ ಸಿಗುವ ಕಸ್ಟರ್ಡ್ ಪುಡಿ, ವೆನಿಲ್ಲಾ ಪುಡ್ಡಿಂಗ್ ಮಿಶ್ರಣ ಮೂರನ್ನೂ ಹಾಕಿ ನೋಡಿದೆ. ಊರಿನಲ್ಲಿ ಫ್ರೂಟ್ ಸಲಾಡಿಗೆ ಬಳಸುವ ನಮ್ಮ ಪುಡಿಯ ಬಣ್ಣ ತುಸು ಗಾಢ, ಉಳಿದಂತೆ ಬರ್ಡ್ಸ್‌ಗೆ ಯಾವುದರಲ್ಲೂ ಕಡಿಮೆಯಿಲ್ಲ. ಪುಡ್ಡಿಂಗ್ ಮಿಶ್ರಣ ಅತಿ ಸಿಹಿಯಾಯಿತು. ತಳದ ಪದರದ ಮೊಟ್ಟೆಯನ್ನು ಬಿಟ್ಟು ಕ್ರೀಮ್ ಸೇರಿಸಿದರೆ ಕತ್ತರಿಸುವಾಗ ಉದುರುತ್ತದೆ. ಚಾಕೊಲೇಟ್ ಅರೆ ಗಟ್ಟಿಯಾದಾಗಲೇ ಬಿಸಿನೀರಿನಲ್ಲಿ ಅದ್ದಿದ ಚಾಕುವಿನಿಂದ ಗೆರೆ ಹಾಕಿಟ್ಟರೆ ಮೇಲ್ಪದರ ಸೀಳುವುದಿಲ್ಲ.

ಇಟ್ಟುಣ್ಣುವ ವಿಷಯದಲ್ಲಿ ಮೂರಕ್ಕೂ ಬಹಳ ಅಂತರವಿದೆ. ನನೈಮೊ ಬಾರ್ ಫ್ರೀಜರಿನಲ್ಲಿ ತಿಂಗಳಿದ್ದರೂ ಕೆಡುವುದಿಲ್ಲವಾದ್ದರಿಂದ ನೆಂಟರು ಬರುವ ಮನೆಗೆ ಅದು ಅನುಕೂಲ. ಬಟರ್ ಟಾರ್ಟ್ ಮಾಡಿದ ದಿನಕ್ಕಿಂತ ಮರುದಿನ ಬೆಳಿಗ್ಗೆಯೇ ನನಗೆ ಹೆಚ್ಚು ಇಷ್ಟ. ಪುಡ್ಡಿಂಗ್ ಶೋಮರ್ ಮಾತ್ರ ಮಾಡಿದ ಸಂಜೆಯೇ, ತಳದ ಪಾಕ ಇನ್ನೂ ಹರಿಯುತ್ತಿರುವಾಗ ಬಡಿಸಬೇಕಾದ ಸಿಹಿ. ರಾತ್ರಿ ಕಳೆಯುವಷ್ಟರಲ್ಲಿ ಕೇಕ್ ಅದನ್ನೆಲ್ಲ ಹೀರಿಬಿಡುತ್ತದೆ. ಹಾಗೆ ಉಳಿದದ್ದಕ್ಕೆ ಎರಡು ಚಮಚ ಹಾಲು ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ, ಅಂಚಿನಲ್ಲಿ ಹಿಡಿದ ಪಾಕವೂ ಬಿಟ್ಟುಕೊಳ್ಳುತ್ತದೆ.