ಕಾರಿನ ಕಿಟಕಿಗೊಂದು ಕಾಳಿನ ಚೀಲ: ಕ್ಯಾಮೆರಾ ಬೀನ್ ಬ್ಯಾಗ್ ಬಳಸಿದ ಅನುಭವ

ಬೀದರ್ ಕಡೆ ಚಿಗರಿ (ಕೃಷ್ಣಮೃಗ) ಫೋಟೊ ತೆಗೆಯಬೇಕು, ಯಾವ ಲೆನ್ಸ್ ಕೊಳ್ಳಲಿ ಅಂತ ಕೇಳುವವರು ಜಾಸ್ತಿ. ಲೆನ್ಸ್ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಅದರ ಕೆಳಗೆ ಇಡುವ ಚೀಲದ ಬಗ್ಗೆ ಬರೆಯುತ್ತೇನೆ. ಎಚ್ ಅಕ್ಷರದ ಆಕಾರದ ಬೀನ್ ಬ್ಯಾಗ್. ಆನ್‌ಲೈನ್‌ನಲ್ಲಿ ತರಿಸಿದ್ದು, ಖಾಲಿ ಚೀಲಕ್ಕೆ 1,600 ರೂಪಾಯಿ. ಅಳತೆ, ಬಟ್ಟೆ, ತೂಕ ಎಲ್ಲ ಮಾರುವ ಕಡೆ ಬರೆದೇ ಇರುತ್ತಾರೆ. ಕಂಪನಿ ಹೆಸರು ಇಲ್ಲಿ ಹಾಕುವುದಿಲ್ಲ.

ನಾನಿರುವುದು ಕಲಬುರಗಿಯಲ್ಲಿ. ಸಣ್ಣ ಹಳೇ ಕಾರು, ಸೆಕೆಂಡ್ ಹ್ಯಾಂಡ್ 150-600 ಎಂಎಂ ಜೂಮ್ ಲೆನ್ಸ್, ರಜೆ ಸಿಕ್ಕರೆ ಬೀದರ್, ಚಿಂಚೋಳಿ, ಸುರಪುರದ ಕಡೆ ಓಡಾಟ. ಸಫಾರಿ ಜೀಪ್ ಇರುವ ದೊಡ್ಡ ಕಾಡುಗಳಿಗೆ ಹೋಗುವಷ್ಟು ದುಡ್ಡೂ ಇಲ್ಲ, ರಜೆಯೂ ಇಲ್ಲ. ನಮ್ಮ ಕಡೆಯ ಬಯಲೇ ನನಗೆ ಸಾಕು. ಈ ವಿಮರ್ಶೆಯನ್ನೂ ಆ ಲೆಕ್ಕದಲ್ಲೇ ಓದಿ.

ಚೀಲ ಯಾಕೆ ಬೇಕು ಅಂದರೆ, ಚಿಗರಿ ಮುಖ್ಯವಾಗಿ ಕಣ್ಣನ್ನು ನಂಬಿ ಬದುಕುವ ಪ್ರಾಣಿ. ಬೀದರ್ ಹತ್ತಿರದ ಹೊನ್ನಿಕೇರಿ ಸುತ್ತಿನ ಹುಲ್ಲುಗಾವಲಿನಲ್ಲಿ ಕಾರು ನಿಂತಿದ್ದರೆ ಅವು ತಲೆ ಎತ್ತಿ ಒಮ್ಮೆ ನೋಡಿ ಮತ್ತೆ ಮೇಯುತ್ತವೆ. ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟರೆ ಮುಗಿಯಿತು, ಇಡೀ ಹಿಂಡು ಜಿಗಿಯುತ್ತಾ ದೂರ ಹೋಗುತ್ತದೆ. ಟ್ರೈಪಾಡ್ ಎಷ್ಟು ಗಟ್ಟಿಯಿದ್ದರೂ ಅದನ್ನು ಬಿಡಿಸಲು ಕೆಳಗೆ ಇಳಿಯಲೇಬೇಕಲ್ವಾ? ಚೀಲಕ್ಕೆ ಆ ಗೊಡವೆ ಇಲ್ಲ. ಗಾಜು ಪೂರ್ತಿ ಇಳಿಸಿ, ಬಾಗಿಲಿನ ಅಂಚಿನ ಮೇಲೆ ಚೀಲ ಕೂರಿಸಿದರೆ ಅದರ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಮೇಲೆ ಲೆನ್ಸ್ ಇಟ್ಟು ಸ್ವಲ್ಪ ಒತ್ತಿದರೆ ಕಾಳು ಸರಿದು ತಾನೇ ಜಾಗ ಮಾಡಿಕೊಡುತ್ತದೆ.

ಇದರ ಲಾಭವನ್ನು ಲೆಕ್ಕದಲ್ಲೇ ಹೇಳಬಹುದು. ಬೆಳಗಿನ ಮೊದಲ ಬೆಳಕಲ್ಲಿ, 600 ಎಂಎಂನಲ್ಲಿ ಕೈಯಲ್ಲಿ ಹಿಡಿದು ತೆಗೆದರೆ ಶಟರ್ (ಬೆಳಕು ಒಳಗೆ ಬಿಡುವ ಹೊತ್ತು) ಸೆಕೆಂಡಿನ 1/1000 ಬೇಕು. ಆಗ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ ಏರುತ್ತದೆ, ನನ್ನ ಹಳೇ ಕ್ಯಾಮೆರಾದಲ್ಲಿ ತುಪ್ಪಳವೆಲ್ಲ ಕಲಸಿಹೋಗುತ್ತದೆ. ಚೀಲದ ಮೇಲೆ ಇಟ್ಟರೆ ಸುಮ್ಮನೆ ನಿಂತ ಚಿಗರಿಗೆ 1/250 ಸಾಕು. ಅದೇ ಬೆಳಕಿಗೆ ಐಎಸ್ಒ 800. ಗಂಡು ಚಿಗರಿಯ ಕಣ್ಣ ಸುತ್ತಿನ ಬಿಳಿ ಉಂಗುರ, ಸುರುಳಿ ಕೋಡಿನ ಗೆರೆಗಳು ಒಂದೊಂದಾಗಿ ಎಣಿಸುವ ಹಾಗೆ ಬರುತ್ತವೆ. ಈ ವ್ಯತ್ಯಾಸಕ್ಕೆ ಹೊಸ ಕ್ಯಾಮೆರಾ ಕೊಳ್ಳಲು ಹೋದರೆ ಲಕ್ಷ ದಾಟುತ್ತದೆ.

ಖಾಲಿ ಚೀಲಕ್ಕೆ ಏನು ತುಂಬಬೇಕು ಅನ್ನುವುದೇ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಭಾಗ. ಕಂಪನಿಯವರು ಥರ್ಮಾಕೋಲ್ ಗುಂಡುಗಳನ್ನೂ ಮಾರುತ್ತಾರೆ. ಹಗುರ ನಿಜ, ಆದರೆ ಲೆನ್ಸಿನ ಭಾರಕ್ಕೆ ಅದುಮಿಕೊಂಡು ಮತ್ತೆ ಮೇಲೇಳುತ್ತವೆ, ಕಿರಕಿರ ಸದ್ದು ಬೇರೆ. ಅಕ್ಕಿ ಚೆನ್ನಾಗಿ ಕೂರುತ್ತದೆ, ಆದರೆ ಅದರ ಬಿಳಿ ಹಿಟ್ಟು ಹೊಲಿಗೆಯಿಂದ ಹೊರಗೆ ಬರುತ್ತದೆ. ಲೆನ್ಸ್ ಹತ್ತಿರ ಹಿಟ್ಟು ಬೇಡವೇ ಬೇಡ. ಬಿಳಿಜೋಳ ಬಹಳ ಚಲೋ. ಕಾಳು ಸಣ್ಣದು, ಎಲ್ಲಾ ಮೂಲೆಗೂ ಹೋಗಿ ಕೂರುತ್ತದೆ. ಮಳೆಗಾಲದಲ್ಲಿ ಮಾತ್ರ ನುಸಿ ಹಿಡಿಯುತ್ತದೆ.

ಕೊನೆಗೆ ನಿಂತದ್ದು ತೊಗರಿ. ಬೇಳೆ ಅಲ್ಲ, ಇಡೀ ಕಾಳು. ಕಲಬುರಗಿಯಲ್ಲಿ ಕೂತು ಬೇರೆ ಏನು ತುಂಬಲಿ! ದುಂಡಗೆ, ನುಣ್ಣಗೆ, ಭಾರ. ಮೂರು ಕಿಲೋ ತುಂಬಿದರೆ ಚೀಲ ಬಾಗಿಲ ಮೇಲೆ ಕಲ್ಲು ಕೂತಂತೆ ಕೂರುತ್ತದೆ, ಪಕ್ಕದಲ್ಲಿ ಲಾರಿ ಹಾದುಹೋದರೂ ಅಲುಗುವುದಿಲ್ಲ. ಬೈಕಿನಲ್ಲಿ ಹೋಗುವ ದಿನ ಮಾತ್ರ ತೊಗರಿ ತೆಗೆದು ಕುಸುಬೆ ತುಂಬುತ್ತೇನೆ. ಅದರ ಸಿಪ್ಪೆ ಗಟ್ಟಿ, ಜಾರುವ ಗುಣ ಜಾಸ್ತಿ, ಅದೇ ಚೀಲಕ್ಕೆ ತೂಕ ಕಡಿಮೆ.

ನಮ್ಮ ಅವ್ವ ಇದಕ್ಕೆಂದೇ ಒಂದು ಡಬ್ಬಿ ಬೇರೆ ಇಟ್ಟಿದ್ದಾರೆ. "ಕ್ಯಾಮೆರಾದ ತೊಗರಿ ಬ್ಯಾರೆ, ಅಡಗಿ ತೊಗರಿ ಬ್ಯಾರೆ, ಕಲಸಬ್ಯಾಡ" ಅಂತ ಕಟ್ಟಾಜ್ಞೆ. ಮಳೆ ಮುಗಿದ ಮೇಲೆ ಕಾಳನ್ನು ಮಾಳಿಗೆ ಮೇಲೆ ಹರವಿ ಬಿಸಿಲಿಗೆ ಒಣಗಿಸುತ್ತಾರೆ, ಮೊರದಲ್ಲಿ ಹಾಕಿ ಕೇರುತ್ತಾರೆ, ಒಣಗಿದ ಬೇವಿನೆಲೆ ಜೊತೆ ಡಬ್ಬಿಗೆ ಹಾಕುತ್ತಾರೆ. ಹೊರಡುವ ಹಿಂದಿನ ರಾತ್ರಿ ಊಟ ಆದ ಮೇಲೆ ನಾನು ಪೇಪರ್ ಹಾಸಿ ಕೂತು ಲೋಟದಲ್ಲಿ ಅಳೆದು ಚೀಲ ತುಂಬುತ್ತೇನೆ. ಪೂರ್ತಿ ತುಂಬಬಾರದು. ಮುಕ್ಕಾಲು ತುಂಬಿ ಒಮ್ಮೆ ಗುದ್ದಿ ನೋಡುತ್ತೇನೆ. ಕೈ ಮುಷ್ಟಿ ಅರ್ಧ ಇಳಿದರೆ ಸರಿ. ಬಿಗಿಯಾದರೆ ಲೆನ್ಸ್ ಉರುಳುತ್ತದೆ, ಸಡಿಲಾದರೆ ಬಾಗಿಲಿನ ಲೋಹಕ್ಕೆ ತಾಗುತ್ತದೆ. ಅಷ್ಟರಲ್ಲಿ ಅವ್ವ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಟ್ಟಿರುತ್ತಾರೆ. ನಸುಕಿನಲ್ಲಿ ಹುಮನಾಬಾದ್‌ನಲ್ಲಿ ಒಂದು ಚಹಾ, ವಾಪಸ್ ಬರುವಾಗ ಕಮಲಾಪುರದ ಕೆಂಪು ಬಾಳೆಹಣ್ಣು. ಇಷ್ಟೂ ಸೇರಿದರೆ ನನ್ನ ಬೀದರ್ ದಿನ.

ಜಾಗಕ್ಕೆ ಹೋದ ಮೇಲೆ ಎರಡು ಕೆಲಸ ಮರೆಯಬೇಡಿ. ಎಂಜಿನ್ ಆಫ್ ಮಾಡಿ, ಇಲ್ಲವಾದರೆ ಚೀಲ ಇದ್ದೂ ನಡುಕ ಹೋಗುವುದಿಲ್ಲ. ಇನ್ನು ಎಸಿ ಹಾಕಿಕೊಂಡು ಬಂದಿದ್ದರೆ ಹತ್ತು ನಿಮಿಷ ಮೊದಲೇ ನಿಲ್ಲಿಸಿ ಎಲ್ಲಾ ಗಾಜು ಇಳಿಸಿ. ಒಳಗಿನ ತಂಪು ಗಾಳಿ, ಹೊರಗಿನ ಬಿಸಿ ಗಾಳಿ ಕಿಟಕಿಯಲ್ಲೇ ಕಲೆಯುತ್ತವೆ. ಲೆನ್ಸ್ ನೋಡುವುದು ಆ ಕದಡಿದ ಗಾಳಿಯ ಮೂಲಕವೇ. ಚಿತ್ರ ಮಬ್ಬಾದರೆ ಫೋಕಸ್ ಸರಿ ಇಲ್ಲ ಅಂತ ಲೆನ್ಸನ್ನು ಬೈಯುವವರು ಬಹಳ. ಬಯಲಿನಲ್ಲಿ ಬಿಸಿಲು ಏರಿದ ಮೇಲೆ ಏಳುವ ಝಳಕ್ಕಂತೂ ಯಾವ ಚೀಲವೂ ಔಷಧವಲ್ಲ. ಬೇಸಿಗೆಯಲ್ಲಿ ಒಂಬತ್ತಾಗುವಷ್ಟರಲ್ಲಿ ದೂರದ ಫೋಟೊ ಕೆಲಸ ಮುಗಿದ ಹಾಗೆ.

ಸಮಯ ಕೇಳುವವರಿಗೆ ಒಂದು ಮಾತು. ತೊಗರಿ ಆಳೆತ್ತರ ನಿಂತಿರುವಾಗ ಹೊಲದ ಚಿಗರಿಯ ಕೋಡಿನ ತುದಿ ಮಾತ್ರ ಕಾಣುತ್ತದೆ. ಡಿಸೆಂಬರ್, ಜನವರಿಯಲ್ಲಿ ರಾಶಿ ಆದ ಮೇಲೆ ಬಯಲು ತೆರೆದುಕೊಳ್ಳುತ್ತದೆ. ಬೆಳಕೂ ಆಗ ಮೃದು. ಕಾರನ್ನು ಮಾತ್ರ ದಾರಿ ಬಿಟ್ಟು ಹುಲ್ಲಿನ ಮೇಲೆ ಇಳಿಸಬೇಡಿ. ಹಿಂಡು ಓಡುವ ಫೋಟೊ ಬೇಕು ಅಂತ ಬೆನ್ನಟ್ಟುವವರನ್ನು ಕಂಡಿದ್ದೇನೆ. ನೋಡಿದರೆ ಸಿಟ್ಟು ಬರುತ್ತದೆ.

ಇಲ್ಲಿಯವರೆಗೆ ಹೊಗಳಿದ್ದಾಯಿತು. ಈಗ ಬೇಸರದ ಮಾತು.

ಜಿಪ್. ಈ ಚೀಲ ಮಾಡಿದವರು ನಮ್ಮ ಕಡೆಯ ಧೂಳನ್ನು ಕಂಡಿಲ್ಲ. ಬೀದರ್‌ನದು ಜಂಬಿಟ್ಟಿಗೆ ನೆಲ. ಅದರ ಕೆಂಪು ಪುಡಿ ನುಣುಪಾಗಿ ಎಲ್ಲಾ ಸಂದಿಗೂ ನುಗ್ಗುತ್ತದೆ. ಮೊದಲ ಬೇಸಿಗೆಯಲ್ಲೇ ಜಿಪ್ ಹಲ್ಲು ಗರಗರ ಅನ್ನತೊಡಗಿತು. ಮೇಣ ಸವರಿದೆ, ಬ್ರಷ್‌ನಲ್ಲಿ ಉಜ್ಜಿದೆ. ಒಂದು ದಿನ ಸುರಪುರ ಕಡೆಯ ಬೋನಾಳ ಕೆರೆ ಏರಿ ಮೇಲೆ ಚೀಲ ಇಟ್ಟು ಲೆನ್ಸ್ ಒತ್ತಿದಾಗ ಜಿಪ್ ನಡುವೆ ಬಾಯಿ ಬಿಟ್ಟಿತು. ಕಾಳೆಲ್ಲ ಏರಿಯ ಕಲ್ಲಿನ ಮೇಲೆ ಹರಿಯಿತು. ಎದುರಿಗೆ ಪಟ್ಟೆ ತಲೆ ಹೆಬ್ಬಾತುಗಳ ದೊಡ್ಡ ಗುಂಪು. ಹಿಮಾಲಯ ದಾಟಿ ಬಂದ ಹಕ್ಕಿಗಳು. ರಾತ್ರಿಯೆಲ್ಲ ಹೊಲದಲ್ಲಿ ಮೇದು, ಹಗಲು ನೀರಿನ ಅಂಚಿಗೆ ಬಂದು ಕೂತಿದ್ದವು. ಅವತ್ತು ಕೈಯಲ್ಲಿ ಹಿಡಿದು ತೆಗೆದ ಒಂದು ಚಿತ್ರವೂ ನನಗೆ ಬೇಕಾದ ಹಾಗೆ ಬರಲಿಲ್ಲ. 1,600 ಕೊಟ್ಟ ಚೀಲಕ್ಕೆ ಒಂದು ಗಟ್ಟಿ ಜಿಪ್ ಹಾಕಲು ಆಗುವುದಿಲ್ಲವೇ? ಮೇಲ್ ಬರೆದೆ, ಫೋಟೊ ಕಳಿಸಿದೆ. ಜಿಪ್‌ಗೆ ವಾರಂಟಿ ಬರುವುದಿಲ್ಲ ಅನ್ನುವ ಒಂದು ಸಾಲಿನ ಉತ್ತರ ಬಂತು.

ಇನ್ನೊಂದು ಬಣ್ಣ. ಬರೀ ಕಪ್ಪು. ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಸೀಟಿನ ಮೇಲೆ ಬಿಟ್ಟ ಕಪ್ಪು ಚೀಲ ಮುಟ್ಟಲು ಆಗದಷ್ಟು ಕಾಯುತ್ತದೆ, ಒಳಗಿನ ಕಾಳು ಆ ಬಿಸಿಯನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಅದರ ಮೇಲೆ ಲೆನ್ಸ್ ಇಡಲು ಮನಸ್ಸು ಬರುವುದಿಲ್ಲ. ಬಿಳಿ ಟವೆಲ್ ಸುತ್ತಿ ಕೆಲಸ ನಡೆಸಿದ್ದೇನೆ. ಬಿಸಿಲ ನಾಡಿಗೆ ಮಾರುವ ಸಾಮಾನಿಗೆ ಕಪ್ಪು ಒಂದೇ ಬಣ್ಣ ಯಾಕೆ, ನನಗೆ ಇನ್ನೂ ಅರ್ಥವಾಗಿಲ್ಲ.

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಚಪ್ಪಲಿ, ಬ್ಯಾಗ್ ಹೊಲಿಯುವ ಹಿರಿಯರೊಬ್ಬರು ಕೂರುತ್ತಾರೆ. ಚೀಲ ತಿರುಗಿಸಿ ನೋಡಿದರು. "ಜಿಪ್ ತಪ್ಪೇನಿಲ್ರಿ, ಹಚ್ಚಿದ ಜಾಗಾ ತಪ್ಪದ. ಭಾರ ಬೀಳೋ ಕಡೆ ಬಾಯಿ ಇಡಬಾರದು" ಅಂದರು. ಒಂದೇ ಮಾತಿನಲ್ಲಿ ರೋಗ ಹಿಡಿದರು. ಹಳೇ ಬಾಯಿಯನ್ನು ದಪ್ಪ ದಾರದಲ್ಲಿ ಎರಡು ಸಾಲು ಹೊಲಿದು ಮುಚ್ಚಿದರು. ಒಂದು ಕಾಲಿನ ತುದಿಗೆ ಹೊಸ ಬಾಯಿ ಮಾಡಿ, ಒಳಮಡಿಕೆ ಕೊಟ್ಟು, ವೆಲ್ಕ್ರೋ ಹಚ್ಚಿಕೊಟ್ಟರು. 120 ರೂಪಾಯಿ. ವೆಲ್ಕ್ರೋ ಬಿಚ್ಚುವಾಗ ಸದ್ದು ಜೋರು, ಆದರೆ ಬಿಚ್ಚುವುದು ಮನೆಯಲ್ಲಿ ತಾನೆ. ಅಂದಿನಿಂದ ಒಂದು ಕಾಳೂ ಹೊರಗೆ ಬಿದ್ದಿಲ್ಲ.

ಆಮೇಲೆ ಚೀಲದ ಮೇಲಿನ ಪ್ರೀತಿ ಮತ್ತೆ ಬಂತು ಅನ್ನಬೇಕು. ಪ್ರಾಣಿ ಫೋಟೊಗೆ ಅಂತ ಕೊಂಡದ್ದು, ಬೆಟ್ಟ, ನೀರು, ಕೋಟೆಗೂ ಒದಗಿತು. ಚಿಂಚೋಳಿ ಕಡೆಯ ಎತ್ತಿಪೋತ ಜಲಪಾತದಲ್ಲಿ ಬಂಡೆಯ ಮೇಲೆ ಚೀಲ ಇಟ್ಟು, ಎರಡು ಸೆಕೆಂಡ್ ಟೈಮರ್ ಹಾಕಿ, ಅರ್ಧ ಸೆಕೆಂಡ್ ಶಟರ್‌ನಲ್ಲಿ ತೆಗೆದೆ. ನೀರು ಹಾಲಿನೆಳೆಯಾಗಿ ಬಂತು, ಪಕ್ಕದ ಕಲ್ಲು ಚೂಪಾಗಿ ಉಳಿಯಿತು. ಮಲಗಿದ ಬುದ್ಧನ ಹಾಗೆ ಕಾಣುವ ಶಹಾಪುರದ ಬೆಟ್ಟವನ್ನು ಕಾರಿನ ಮೇಲೆ ಚೀಲ ಇಟ್ಟು ಪನೋರಮಾ ತೆಗೆದಿದ್ದೇನೆ. ಹಣೆಯಿಂದ ಪಾದದವರೆಗೆ ತುಣುಕುಗಳು ಸರಿಯಾಗಿ ಕೂಡಿದವು. ಮಳೆ ಬಂದ ಮರುದಿನ ಬೆಳಿಗ್ಗೆ ಹೋದರೆ ಗಾಳಿ ತೊಳೆದಂತಿರುತ್ತದೆ, ಬಂಡೆಯ ಸಾಲುಗಳು ಬಿಡಿಬಿಡಿಯಾಗಿ ಕಾಣುತ್ತವೆ.

ಬೀದರ್ ಕೋಟೆಯಲ್ಲಿ ಇದರ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಟ್ರೈಪಾಡ್ ಬಿಡಿಸಿದರೆ ಕಾವಲಿನವರು ಬಂದು ಅನುಮತಿ ಕೇಳುತ್ತಾರೆ. ಚೀಲಕ್ಕೆ ಯಾರೂ ಏನೂ ಅಂದಿಲ್ಲ. ಅಲ್ಲಿನ ಗೋಡೆ ಒರಟು, ಲೆನ್ಸ್ ನೇರ ಇಟ್ಟರೆ ಗೀರು ಬೀಳುತ್ತದೆ. ಚೀಲದ ಮೇಲಿಟ್ಟು ಕೆಂಪು ಕಲ್ಲಿನಲ್ಲೇ ಕೊರೆದ ಮೂರು ಸಾಲಿನ ಕಂದಕವನ್ನು ಸಂಜೆ ಬೆಳಕಲ್ಲಿ ನಿಧಾನವಾಗಿ ತೆಗೆಯಬಹುದು. ಬೀದರ್ ಪಕ್ಕದ ಅಷ್ಟೂರಿನ ಬಹಮನಿ ಸುಲ್ತಾನರ ಗೋರಿಗಳ ಒಳಗೆ ಕತ್ತಲು. ಅಲ್ಲಿ ನೆಲದ ಮೇಲೆ ಚೀಲ ಇಟ್ಟು ಲೆನ್ಸನ್ನು ಮೇಲ್ಮುಖ ಮಾಡಿದರೆ ಅಹ್ಮದ್ ಶಾ ಗೋರಿಯ ಬಣ್ಣದ ಗುಮ್ಮಟ ಫ್ಲ್ಯಾಶ್ ಇಲ್ಲದೆ ಬರುತ್ತದೆ. ಗೋಡೆಯ ಚಿತ್ರಗಳ ಮೇಲೆ, ಕೆತ್ತನೆ ಮೇಲೆ ಮಾತ್ರ ಚೀಲ ಒರಗಿಸಬೇಡಿ. ದಯವಿಟ್ಟು.

ಚಿಂಚೋಳಿ ವನ್ಯಧಾಮದ ಬಗ್ಗೆಯೂ ಹೇಳಬೇಕು. 2011ರಲ್ಲಿ ಘೋಷಣೆಯಾದ, ಸುಮಾರು 135 ಚದರ ಕಿಲೋಮೀಟರ್ ಒಣಕಾಡು. ಅರಣ್ಯ ಇಲಾಖೆಯ ಅನುಮತಿ ಪಡೆದೇ ಒಳಗೆ ಹೋಗಿ. ಚಂದ್ರಂಪಳ್ಳಿ ಜಲಾಶಯದ ದಂಡೆಯಲ್ಲಿ ಚೀಲವನ್ನು ನೆಲಕ್ಕಿಟ್ಟು ಮಲಗಿ ತೆಗೆದರೆ ನೀರಹಕ್ಕಿಯ ಕಣ್ಣು ನಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಹಿಂದಿನ ಗುಡ್ಡ ಬರೀ ಬಣ್ಣವಾಗಿ ಕರಗುತ್ತದೆ. ನಿಂತು ತೆಗೆದ ಚಿತ್ರಕ್ಕೂ ಇದಕ್ಕೂ ಅಜಗಜಾಂತರ. ಮಾರ್ಚ್ ನಂತರ ಮಲಗುವ ಮೊದಲು ನೆಲ ನೋಡಿ. ಟಿಟ್ಟಿಭ ಬರಿ ನೆಲದ ಮೇಲೇ ಮೊಟ್ಟೆ ಇಡುತ್ತದೆ, ಗರಸಿನ ಬಣ್ಣಕ್ಕೂ ಮೊಟ್ಟೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ತಲೆ ಮೇಲೆ ಹಾರಾಡಿ ಕೂಗುತ್ತಿದ್ದರೆ ಎದ್ದು ಬಂದುಬಿಡಿ.

ಹಾಗಾದರೆ ಕೊಳ್ಳಬೇಕೇ? ಚೀಲ ಬೇಕೇ ಬೇಕು. ಇದನ್ನೇ, ಈ ಬೆಲೆಗೆ? ನಾನು ಬೇಡ ಅನ್ನುತ್ತೇನೆ. ಬ್ಯಾಗ್ ಹೊಲಿಯುವ ಅದೇ ಹಿರಿಯರ ಕೈಯಲ್ಲಿ ಈಗ ಎರಡನೇ ಚೀಲ ಹೊಲಿಸಿದ್ದೇನೆ. ಬಟ್ಟೆ ಸೇರಿ 350 ರೂಪಾಯಿ. ನೀವೂ ಹೊಲಿಸುವುದಾದರೆ ಖಾಕಿ ಕ್ಯಾನ್ವಾಸ್ ಎರಡು ಪದರ ಕೊಡಿಸಿ. ಪ್ರತಿ ಕಾಲು ಒಂದು ಗೇಣು ಎತ್ತರ, ಒಂದೂವರೆ ಗೇಣು ಅಗಲ ಸಾಕು. ಎರಡು ಕಾಲಿನ ನಡುವೆ ನಿಮ್ಮ ಕಾರಿನ ಬಾಗಿಲಿನ ದಪ್ಪ ಅಳೆದು ಜಾಗ ಬಿಡಿಸಿ. ಬಾಯಿ ಕಾಲಿನ ತುದಿಯಲ್ಲಿರಲಿ, ಮೇಲೆ ಒಂದು ಹಿಡಿಕೆ ಇರಲಿ. ಕಾಳನ್ನು ನೇರ ಸುರಿಯದೆ ಒಳಗೊಂದು ತೆಳ್ಳನೆ ಕೋರಾ ಬಟ್ಟೆಯ ಚೀಲ ಮಾಡಿಸಿ ಅದರಲ್ಲಿ ತುಂಬಿ. ಹೊರಚೀಲ ಒಗೆಯಲು ಸುಲಭ. ಜನವರಿಯಲ್ಲಿ ಹೊಸ ತೊಗರಿ ಬಂದಾಗ ಹಳೇ ಕಾಳು ತೆಗೆದು ಬದಲಿಸಿ, ಹಳೆಯದನ್ನು ದನಕ್ಕೆ ಹಾಕಿ.