ಟ್ರೈನಿಂಗ್ ಆದ ಹುಡುಗ ಅಂತ ನಂಬಿದೆವು, ಅಪ್ಪನ ಬೆನ್ನು ಹುಣ್ಣಾಯಿತು: ದಾವಣಗೆರೆಯವರು ದಯವಿಟ್ಟು ಓದಿ

ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಜನ ಹುಡುಕುತ್ತಿದ್ದೀರಾ? ಹಣ ಕಳಿಸುವ ಮೊದಲು ಇದನ್ನು ಓದಿ. ನಾವು 29,000 ರೂಪಾಯಿ ಕೊಟ್ಟೆವು. ಆದರೆ ಹಣ ಹೋದದ್ದಕ್ಕಿಂತ ಜಾಸ್ತಿ ಹೊಟ್ಟೆ ಉರಿಯುವುದು ಬೇರೆಯದಕ್ಕೆ. ಅಪ್ಪನ ಬೆನ್ನು ಹಾಳಾಗುತ್ತಿದ್ದಾಗ ನಾನು ದಿನಾ ಸಂಜೆ "ಎಲ್ಲಾ ಸರಿಯಾಗಿದೆ" ಅನ್ನುವ ಕಾಗದಕ್ಕೆ ಸಹಿ ಹಾಕುತ್ತಿದ್ದೆ. ಇದನ್ನು ಬರೆಯಲು ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ.

ನಮ್ಮ ಮನೆ ನಿಟುವಳ್ಳಿಯಲ್ಲಿ. ಅಪ್ಪ ಹತ್ತಿ ಮಿಲ್ಲಿನಲ್ಲಿ ಪಾಳಿ ಕೆಲಸ ಮಾಡಿ ನಮ್ಮನ್ನು ಓದಿಸಿದವರು. ಮೊದಲಿನಿಂದ ಸಕ್ಕರೆ ಕಾಯಿಲೆ ಇತ್ತು. ಹೋದ ವರ್ಷ ಸ್ಟ್ರೋಕ್ ಆಗಿ ಬಲಭಾಗ ಬಿತ್ತು, ಮಾತೂ ಹೋಯಿತು. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತದೆ, ಆದರೆ ಬಾಯಿಂದ "ಆ... ಆ..." ಬಿಟ್ಟು ಬೇರೆ ಬರುವುದಿಲ್ಲ. ಅಮ್ಮನಿಗೆ ಮಂಡಿ ನೋವು, ಅಪ್ಪನನ್ನು ಎತ್ತಲು ಆಗುವುದಿಲ್ಲ. ನಾನು ಹರಿಹರದ ಹತ್ತಿರ ಒಂದು ಶಾಲೆಯಲ್ಲಿ ಟೀಚರ್, ತಮ್ಮ ಬೆಂಗಳೂರಿನಲ್ಲಿ. ಇಂಥ ಮನೆಗಳು ನಮ್ಮ ಊರಲ್ಲಿ ಎಷ್ಟಿವೆ ಅಂತ ನಿಮಗೇ ಗೊತ್ತು.

ಮೆಡಿಕಲ್ ಶಾಪಿನ ಕೌಂಟರ್ ಮೇಲೆ ಒಂದು ಪಾಂಪ್ಲೆಟ್ ಸಿಕ್ಕಿತು. 24 ಗಂಟೆ ಹೋಮ್ ನರ್ಸ್, ಅನುಭವ ಇರುವವರು, ಬೆಡ್ ಪೇಷೆಂಟ್, ಸ್ಟ್ರೋಕ್, ಶುಗರ್ ಎಲ್ಲಾ ನೋಡಿಕೊಳ್ಳುತ್ತೇವೆ ಅಂತ. ಫೋನ್ ಮಾಡಿದೆ. ಆ ಕಡೆಯವರ ಮಾತು ಎಷ್ಟು ಚೆನ್ನಾಗಿತ್ತು ಅಂದರೆ ನನಗೆ ಅಳು ಬಂತು. "ಮೇಡಂ, ನೀವು ನೆಮ್ಮದಿಯಾಗಿ ಡ್ಯೂಟಿಗೆ ಹೋಗಿ. ಹುಡುಗ ಎರಡು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದಾನೆ. ಅಜ್ಜಾರನ್ನ ತನ್ನ ತಂದೆ ತರ ನೋಡ್ಕೊಳ್ತಾನೆ." ತಿಂಗಳಿಗೆ 24,000, ನೋಂದಣಿಗೆ ಅಂತ 5,000, ಎಲ್ಲಾ ಮೊದಲೇ ಕೊಡಬೇಕು. ತಮ್ಮ ಅಲ್ಲಿಂದಲೇ ಫೋನ್‌ಪೇ ಮಾಡಿದ. ನಾಲ್ಕು ಪುಟದ ಇಂಗ್ಲಿಷ್ ಅಗ್ರಿಮೆಂಟ್ ತಂದರು. "ಸುಮ್ನೆ ಫಾರ್ಮಾಲಿಟಿ ಮೇಡಂ" ಅಂದರು. ನಾನು ಮೇಷ್ಟ್ರು, ಮಕ್ಕಳಿಗೆ ಓದದೆ ಉತ್ತರ ಬರೆಯಬೇಡಿ ಅಂತ ದಿನಾ ಹೇಳುವವಳು. ಓದದೆ ಸಹಿ ಹಾಕಿದೆ.

ಹುಡುಗ ಬಂದ. ಹರಪನಹಳ್ಳಿ ಕಡೆಯವನು, ಇಪ್ಪತ್ತು ವರ್ಷ ಇರಬಹುದು. ಮೆತ್ತಗಿನ ಸ್ವಭಾವ. ಜೊತೆಗೆ ಏಜೆನ್ಸಿಯವರು ಒಂದು ಚಾರ್ಟ್ ಪುಸ್ತಕ ಕೊಟ್ಟಿದ್ದರು. ಎರಡೆರಡು ಗಂಟೆಗೆ ಒಂದು ಖಾನೆ. ಎಡಕ್ಕೆ ಮಲಗಿಸಿದ್ದು, ಬಲಕ್ಕೆ ಮಲಗಿಸಿದ್ದು, ನೀರು ಎಷ್ಟು, ಮೂತ್ರ ಎಷ್ಟು, ಎಲ್ಲಾ ಬರೆಯಬೇಕು. ಕೆಳಗೆ ದಿನಾ ಮನೆಯವರ ಸಹಿ. ಆಸ್ಪತ್ರೆಯಿಂದ ಕಳಿಸುವಾಗ ಸಿಸ್ಟರ್ ಕೂಡ ಇದನ್ನೇ ಹೇಳಿದ್ದರು: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು, ಶುಗರ್ ಇರುವವರಿಗೆ ಹುಣ್ಣಾದರೆ ಬೇಗ ಮಾಯುವುದಿಲ್ಲ ಅಂತ. ಹಾಗಾಗಿ ಆ ಚಾರ್ಟ್ ನೋಡಿ ನನಗೆ ಧೈರ್ಯ ಬಂತು. ದಿನಾ ಫೋಟೋ ತೆಗೆದು ತಮ್ಮನಿಗೆ ಕಳಿಸುತ್ತಿದ್ದೆ. ಅವನು ಕೈ ಮುಗಿಯುವ ಗುರುತು ಹಾಕುತ್ತಿದ್ದ.

ಮೊದಲ ವಾರವೇ ಒಂದು ಎಡವಟ್ಟಾಯಿತು. ಅಪ್ಪ ಬೆಳಿಗ್ಗೆ ಗಂಜಿ ಕುಡಿದಿರಲಿಲ್ಲ, ಅವನು ಇನ್ಸುಲಿನ್ ಮಾತ್ರ ಹಾಕಿಬಿಟ್ಟ. ಅಪ್ಪ ಬೆವೆತು ನಡುಗತೊಡಗಿದರು. ಅಮ್ಮನೇ ಶುಗರ್ ಚೆಕ್ ಮಾಡಿದರೆ 58, ತೀರಾ ಕಡಿಮೆ. ಪುಣ್ಯಕ್ಕೆ ಎಚ್ಚರ ಇತ್ತು, ಕೂರಿಸಿಕೊಂಡು ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಸಕ್ಕರೆ ನೀರು ಕುಡಿಸಿದರು. ಏಜೆನ್ಸಿಗೆ ಫೋನ್ ಮಾಡಿದರೆ, "ಹೊಸ ಮನೆ ಅಲ್ವಾ ಮೇಡಂ, ಅಡ್ಜಸ್ಟ್ ಆಗ್ತಾನೆ." ನಾನೂ ಒಪ್ಪಿಕೊಂಡೆ. ಆವತ್ತೇ ಕಳಿಸಿಬಿಡಬೇಕಿತ್ತು. ಆವತ್ತೇ!

ಆಮೇಲೆ ಅಪ್ಪ ಸಂಜೆ ನಾನು ಹತ್ತಿರ ಹೋದರೆ ಎಡಗೈಯಿಂದ ನನ್ನ ಕೈ ಬಿಗಿಯಾಗಿ ಹಿಡಿದು ಬಿಡುತ್ತಲೇ ಇರಲಿಲ್ಲ. ಕಣ್ಣಲ್ಲಿ ನೀರು. ಸ್ಟ್ರೋಕ್ ಆದವರು ಬೇಗ ಅಳುತ್ತಾರೆ ಅಂತ ಕೇಳಿದ್ದೆ, ಹಾಗೆ ಅಂದುಕೊಂಡೆ. ರೂಮಿನಲ್ಲಿ ವಾಸನೆ ಬರುತ್ತಿತ್ತು. ಡೈಪರ್ ಇರಬೇಕು ಅಂದುಕೊಂಡೆ. ಒರೆಸುವಾಗ, ಬಟ್ಟೆ ಬದಲಿಸುವಾಗ ಅಪ್ಪನಿಗೆ ಸಂಕೋಚ ಆಗಬಾರದು ಅಂತ ನಾನು ಹೊರಗೆ ನಿಲ್ಲುತ್ತಿದ್ದೆ. ಗಂಡು ಹುಡುಗನನ್ನು ಕೇಳಿ ತರಿಸಿದ್ದೂ ಅದಕ್ಕೇ. ಅಪ್ಪ ನನಗೆ ಹೇಳಲು ನೋಡುತ್ತಿದ್ದರು. ನನಗೆ ತಿಳಿಯಲಿಲ್ಲ.

ಹತ್ತೊಂಬತ್ತನೇ ದಿನ. ಶಾಲೆಯ ಹಳೇ ಹೆಡ್ಮಾಸ್ತರರು ತೀರಿಕೊಂಡಿದ್ದರು, ಶ್ರದ್ಧಾಂಜಲಿ ಮುಗಿಸಿ ಬೇಗ ಬಿಟ್ಟರು. ಮನೆಗೆ ಬಂದಾಗ ಹನ್ನೆರಡೂ ಮುಕ್ಕಾಲು. ಅಮ್ಮ ಅಡುಗೆ ಮನೆಯಲ್ಲಿ, ಹುಡುಗ ವರಾಂಡದಲ್ಲಿ ಮೊಬೈಲ್ ನೋಡುತ್ತಿದ್ದ. ಸುಮ್ನೆ ಚಾರ್ಟ್ ಕೈಗೆ ತಗೊಂಡೆ.

2 ಗಂಟೆ: ಎಡಕ್ಕೆ. 4 ಗಂಟೆ: ಬಲಕ್ಕೆ, ಎಳನೀರು 100 ಎಂಎಲ್ ಕುಡಿದರು. 6 ಗಂಟೆ: ಎಡಕ್ಕೆ, ಮೂತ್ರ 300 ಎಂಎಲ್.

ಗಡಿಯಾರ ನೋಡಿದೆ. ಇನ್ನೂ ಒಂದು ಗಂಟೆ ಆಗಿರಲಿಲ್ಲ. ಕುಡಿಯದ ಎಳನೀರಿಗೆ ಲೆಕ್ಕ ಬರೆದಾಗಿದೆ. ಸಂಜೆ ಬಂದು ನಾನು ಸಹಿ ಹಾಕುವುದೊಂದು ಬಾಕಿ. ಹದಿನೆಂಟು ದಿನ ನಾನು ಸಹಿ ಹಾಕಿದ್ದು ಇದಕ್ಕೆ! ಕೈ ನಡುಗಿತು. ಒಳಗೆ ಓಡಿದೆ. ಬೆನ್ನು ಹುಣ್ಣಾಗದಿರಲಿ ಅಂತ ಬಾಡಿಗೆಗೆ ತಂದಿದ್ದ, ಮೋಟರ್‌ನಿಂದ ಗಾಳಿ ತುಂಬುವ ಏರ್ ಬೆಡ್ ಚಪ್ಪಟೆಯಾಗಿತ್ತು. ಮೋಟರ್ ಪ್ಲಗ್ ಕಿತ್ತು ಅಲ್ಲಿ ಮೊಬೈಲ್ ಚಾರ್ಜರ್ ಹಾಕಿದ್ದ. ಅಮ್ಮನನ್ನು ಕರೆದು ಇಬ್ಬರೂ ಸೇರಿ ಅಪ್ಪನನ್ನು ಹೊರಳಿಸಿದೆವು. ಸೊಂಟದ ಕೆಳಗೆ ಮೂಳೆಯ ಮೇಲೆ ಅಂಗೈ ಅಗಲ ಚರ್ಮ ಕಪ್ಪಾಗಿ, ಮಧ್ಯೆ ಬಾಯಿ ಬಿಟ್ಟು ಕೀವು ಬರುತ್ತಿತ್ತು. ಹಿಮ್ಮಡಿಯಲ್ಲೂ ಶುರುವಾಗಿತ್ತು. ಅಮ್ಮ ಅಲ್ಲೇ ಕುಸಿದು ಕೂತರು.

ಹುಡುಗನಿಗೆ ಬೈದೆ, ಬಾಯಿಗೆ ಬಂದಂತೆ ಬೈದೆ. ಅವನು ಅಳತೊಡಗಿದ. "ಅಕ್ಕಾರೆ, ನಂಗೆ ಏನೂ ಗೊತ್ತಿಲ್ರೀ. ನಾನು ಬೇಕರಿಯಾಗೆ ಇದ್ದೆ. ನಿಮ್ಮನೆಗೆ ಬರೋ ಹಿಂದಿನ ದಿನ ಸೇರ್ಸ್ಕೊಂಡ್ರು. ಆಸ್ಪತ್ರಿಯಾಗೆ ಎರಡು ವರ್ಷ ಮಾಡೀನಿ ಅಂತ ಹೇಳು ಅಂದ್ರು. ಚಾರ್ಟ್ ಬೆಳಿಗ್ಗೆನೇ ತುಂಬಿಬಿಡು, ಮನೆಯೋರು ಅದನ್ನೇ ನೋಡೋದು ಅಂದ್ರು." ಇನ್ಸುಲಿನ್ ಹಾಕುವುದನ್ನು ಮೊಬೈಲ್‌ನಲ್ಲಿ ವಿಡಿಯೋ ನೋಡಿ ಕಲಿತನಂತೆ. ಅವನಿಗೆ ಸಿಗುವುದು ತಿಂಗಳಿಗೆ 10,000 ಮಾತ್ರ. ಆ ಹುಡುಗನ ಮೇಲೆ ನನಗೆ ಈಗ ಸಿಟ್ಟಿಲ್ಲ. ಅವನನ್ನೂ ಮೋಸ ಮಾಡಿದ್ದಾರೆ. ಆವತ್ತು ಊಟ ಹಾಕಿ, ಬಸ್ ಚಾರ್ಜ್ ಕೊಟ್ಟು ಕಳಿಸಿದೆವು.

ಏಜೆನ್ಸಿಯ ಉತ್ತರಗಳನ್ನು ಮಾತ್ರ ಮರೆಯಲು ಆಗುವುದಿಲ್ಲ. ಮೊದಲು, "ಬೆಡ್ ಸೋರ್ ಎಲ್ಲಾ ಬೆಡ್ ಪೇಷೆಂಟಿಗೂ ಆಗುತ್ತೆ ಮೇಡಂ, ಪೌಡರ್ ಹಾಕಿ." ಪೌಡರ್! ಹುಣ್ಣಿನ ಫೋಟೋ ಕಳಿಸಿದೆ. ಎರಡು ದಿನ ಫೋನೇ ಎತ್ತಲಿಲ್ಲ. ಆಮೇಲೆ, "ಬೇರೆ ಹುಡುಗನ್ನ ಕಳಿಸ್ತೀವಿ, ರಿಫಂಡ್ ಇಲ್ಲ, ಅಗ್ರಿಮೆಂಟ್ ಓದಿ." ಓದಿದೆ. ನಾವು ಜನ ಒದಗಿಸುವವರು ಮಾತ್ರ, ಪೇಷೆಂಟಿಗೆ ಏನಾದರೂ ನಮ್ಮ ಜವಾಬ್ದಾರಿ ಅಲ್ಲ ಅಂತ ಮೂರನೇ ಪುಟದಲ್ಲಿ ಬರೆದಿತ್ತು. ಚಾರ್ಟ್ ಸುಳ್ಳು ಅಂತ ಹೇಳಿದರೆ ಅವರು ಅಂದದ್ದು ಇದು: "ದಿನಾ ನೀವೇ ಸೈನ್ ಮಾಡಿದ್ದೀರಲ್ಲ ಮೇಡಂ. ಮನೆಯಲ್ಲೇ ಇದ್ದು ನೀವ್ಯಾಕೆ ನೋಡಲಿಲ್ಲ?"

ಈ ಮಾತು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಸಹಿ ಯಾಕೆ ಕೇಳುತ್ತಿದ್ದರು ಅಂತ ಆಗ ಅರ್ಥ ಆಯಿತು. ನಮಗೆ ಲೆಕ್ಕ ತೋರಿಸಲು ಅಲ್ಲ, ನಮ್ಮ ಬಾಯಿ ಮುಚ್ಚಿಸಲು.

ಅಪ್ಪನನ್ನು ಆಸ್ಪತ್ರೆಗೆ ಸೇರಿಸಿ ಸತ್ತ ಚರ್ಮ ತೆಗೆಸಬೇಕಾಯಿತು. ಈಗಲೂ ಡ್ರೆಸ್ಸಿಂಗ್ ನಡೆಯುತ್ತಿದೆ. ಡ್ರೆಸ್ಸಿಂಗ್ ಮಾಡುವಾಗ ಅವರು ಪಡುವ ನೋವು ನೋಡಲು ಆಗುವುದಿಲ್ಲ.

ನಾನು ಕಲಿತದ್ದನ್ನು ಹೇಳುತ್ತೇನೆ. "ಹೋಮ್ ನರ್ಸ್" ಅಂತ ಹೇಳಿದವರೆಲ್ಲ ನರ್ಸ್ ಅಲ್ಲ. ನರ್ಸ್ ಆದರೆ ಎಎನ್‌ಎಂ, ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್‌ನಂಥ ಕೋರ್ಸ್ ಓದಿ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಿರುತ್ತದೆ, ಆ ನಂಬರ್ ಕೇಳಿ. ಇಲ್ಲದಿದ್ದರೆ ಅವರು ಸಹಾಯಕರು, ಇನ್ಸುಲಿನ್ ಅವರ ಕೈಗೆ ಬಿಡಬೇಡಿ. ಹಣ ಕೊಡುವ ಮೊದಲು ನಿಮ್ಮ ಕಣ್ಣೆದುರು ಪೇಷೆಂಟನ್ನು ಮಗ್ಗುಲು ಬದಲಿಸಿ ತೋರಿಸಲು ಹೇಳಿ. ಗೊತ್ತಿದ್ದವರು ಯಾರು, ಇಲ್ಲದವರು ಯಾರು ಅಂತ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ತಿಂಗಳ ಹಣ ಮೊದಲೇ ಕೊಡಲೇಬೇಡಿ, ವಾರಕ್ಕೆ ಕೊಡಿ. ಕನ್ನಡದಲ್ಲಿ ಬರೆದುಕೊಡದಿದ್ದರೆ ಸಹಿ ಬೇಡ. ದಿನಾ ಬೆನ್ನು, ಸೊಂಟ, ಹಿಮ್ಮಡಿ ನೀವೇ ನೋಡಿ, ಸಂಕೋಚ ಪಡಬೇಡಿ. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ನೋಡಿ. ಬೆಳ್ಳಗಾಗದೆ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ ಅಂತ ಅರ್ಥ. ಮೈಬಣ್ಣ ಕಪ್ಪಿದ್ದರೆ ಕೆಂಪು ಕಾಣುವುದಿಲ್ಲ, ಆ ಜಾಗ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಮುಟ್ಟಿ ನೋಡಬೇಕು. ಇದನ್ನು ಡ್ರೆಸ್ಸಿಂಗ್ ಮಾಡುವ ಸಿಸ್ಟರ್ ನನಗೆ ಈಗ ಹೇಳಿಕೊಟ್ಟರು. ಮೊದಲೇ ಗೊತ್ತಿದ್ದರೆ...

ನಾನು 1915ಕ್ಕೆ, ಅಂದರೆ ಗ್ರಾಹಕರ ಸಹಾಯವಾಣಿಗೆ, ಫೋನ್ ಮಾಡಿ ದೂರು ಬರೆಸಿದ್ದೇನೆ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಕೊಡುತ್ತೇನೆ. ಕೊಟ್ಟ ಹಣ ಐದು ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಎರಡು ವರ್ಷದ ಒಳಗೆ ಕೊಡಬೇಕು. ಏಜೆನ್ಸಿಯ ಹೆಸರು ಸದ್ಯಕ್ಕೆ ಇಲ್ಲಿ ಹಾಕುತ್ತಿಲ್ಲ.

ಮೊನ್ನೆ ಡ್ರೆಸ್ಸಿಂಗ್ ಸಾಮಾನು ತರಲು ಅದೇ ಮೆಡಿಕಲ್ ಶಾಪಿಗೆ ಹೋಗಿದ್ದೆ. ಅದೇ ಪಾಂಪ್ಲೆಟ್, ಹೊಸ ಕಟ್ಟು ಇಟ್ಟಿದ್ದರು. ಒಬ್ಬ ಹೆಂಗಸು ಒಂದನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡರು. ಅವರನ್ನು ನಿಲ್ಲಿಸಿ ಎಲ್ಲಾ ಹೇಳಿದೆ. ಅವರ ಅತ್ತೆಗೂ ಸ್ಟ್ರೋಕ್ ಅಂತೆ. ಮನೆಗೆ ಬಂದವಳೇ ಇದನ್ನು ಬರೆಯಲು ಕೂತೆ. ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಇಂಥದ್ದೇ ಚಾರ್ಟ್‌ಗೆ ಸಹಿ ಹಾಕಿದವರು ಇದ್ದರೆ ಅದನ್ನು ಎಸೆಯಬೇಡಿ, ನನಗೆ ತಿಳಿಸಿ. ದೂರು ಒಟ್ಟಿಗೆ ಕೊಡೋಣ.